ಛತ್ರ ನೋಡಲು ಹೋಗಿ ಛತ್ರಿ ಬಿಟ್ಟು ಬಂದದ್ದು

ಇಟ್ಟಿಗೆಯ ವಿಷಯದಲ್ಲಿ ನನ್ನ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಹೈಸ್ಕೂಲಿನ ಮೆಟ್ಟಿಲನ್ನು ನಾನೂ ಹತ್ತಿದವನೇ. ಇಳಿದದ್ದು ಮಾತ್ರ ಸ್ವಲ್ಪ ಬೇಗ. ಆಮೇಲಿನ ವಿದ್ಯೆಯನ್ನೆಲ್ಲ ಬೇಲೂರಿನ ಇಟ್ಟಿಗೆ ಗೂಡಿನ ಪಕ್ಕದಲ್ಲಿ, ಗಾರೆ ಮೇಸ್ತ್ರಿಗಳ ಬೈಗುಳದ ನಡುವೆ ಮತ್ತು ಸಾರ್ವಜನಿಕ ಗ್ರಂಥಾಲಯದ ಬೆಂಚಿನ ಮೇಲೆ ಸಂಪಾದಿಸಿದೆ. ಹೀಗೆ ತಾನಾಗಿಯೇ ಕಲಿತವನಿಗೆ ಒಂದು ದೊಡ್ಡ ಅನುಕೂಲವುಂಟು. ಯಾರು ಏನು ಹೇಳಿದರೂ ನಂಬಬೇಕಾದ ಹಂಗು ಅವನಿಗಿರುವುದಿಲ್ಲ.

ಅಮೆರಿಕಕ್ಕೆ ನಾನು ಬಂದದ್ದು ನನ್ನ ವಿದ್ಯೆಯ ಬಲದಿಂದಲ್ಲ, ಹೆಂಡತಿಯ ವಿದ್ಯೆಯ ಬಲದಿಂದ. ವಿಶಾಲಾಕ್ಷಿ ಮಕ್ಕಳ ಡಾಕ್ಟರು. ಅವಳು ಆಸ್ಪತ್ರೆಯಲ್ಲಿ ಮಕ್ಕಳ ಗಂಟಲು ನೋಡುತ್ತಿದ್ದಳು. ನಾನು ಕಟ್ಟಡ ಸಾಮಾನಿನ ಮಳಿಗೆಯೊಂದರಲ್ಲಿ ಸಿಮೆಂಟು, ಇಟ್ಟಿಗೆ ಮಾರುತ್ತಾ ಗಿರಾಕಿಗಳ ತಪ್ಪು ತಿಳಿವಳಿಕೆಗಳನ್ನು ತಿದ್ದುತ್ತಿದ್ದೆ. ಅವಳಿಗೆ ಬಡ್ತಿ ಸಿಕ್ಕಿತು. ನನಗೆ ನಿವೃತ್ತಿ ಸಿಕ್ಕಿತು.

ಈ ಎಂಬತ್ತರ ದಶಕದ ನಡುವಿನಲ್ಲಿ ನಮ್ಮ ಒಬ್ಬಳೇ ಮಗಳು ನಂದಿನಿಯ ಮದುವೆ ನಿಶ್ಚಯವಾಯಿತು. ಹುಡುಗ ಒಳ್ಳೆಯವನು, ಬೀಗರು ಒಳ್ಳೆಯವರು, ಮುಹೂರ್ತವೂ ಒಳ್ಳೆಯದು. ಇಲ್ಲದಿದ್ದದ್ದು ಒಂದೇ: ಛತ್ರ! ದೇವಸ್ಥಾನವನ್ನು ಇನ್ನೂ ಕಟ್ಟುತ್ತಲೇ ಇದ್ದರು. ಊರಿನ ಬಾಡಿಗೆ ಸಭಾಂಗಣಗಳಿಗೆಲ್ಲ ಫೋನು ಮಾಡಿದೆವು. ಊಟ ಸರಿ, ಸಂಗೀತ ಸರಿ, ಕುಣಿತ ಇನ್ನೂ ಸರಿ. ‘ಹೋಮ’ ಎಂದೊಡನೆ ಫೋನು ಇಡುತ್ತಿದ್ದರು. ಮನೆಯೊಳಗೆ ಬೆಂಕಿ ಹಚ್ಚುವ ಜನರನ್ನು ಅವರು ಬೇರೊಂದು ಇಲಾಖೆಗೆ ಸೇರಿಸಿದ್ದರು. ಅಗ್ನಿಯೇ ಸಾಕ್ಷಿಯಾಗದ ಮದುವೆ ಎಂಥ ಮದುವೆ? ಸಾಕ್ಷಿಯಿಲ್ಲದ ಕಾಗದ ನಮ್ಮ ಬೇಲೂರಿನ ಸಬ್ ರಿಜಿಸ್ಟ್ರಾರರ ಕಚೇರಿಯಲ್ಲೇ ನಡೆಯುವುದಿಲ್ಲ!

ಕೊನೆಗೆ ವಿಶಾಲಾಕ್ಷಿಯೇ ಒಂದು ಜಾಗ ಹುಡುಕಿದಳು. ನಮ್ಮ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಊರಿನ ಪಶ್ಚಿಮಕ್ಕೆ ಗುಡ್ಡಗಳ ನಡುವೆ ಒಂದು ಹಳೆಯ ಇಂಗ್ಲಿಷ್ ರೈತರ ಮನೆಯಿದೆಯಂತೆ. ಪೂರ್ತಿ ಇಟ್ಟಿಗೆಯದು. ಮುನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಕಟ್ಟಿದ್ದಂತೆ. ಯಾರೋ ಶ್ರೀಮಂತರು ಅದನ್ನು ಬಿಚ್ಚಿಸಿ, ಒಂದೊಂದು ಇಟ್ಟಿಗೆಯನ್ನೂ ಹಡಗಿನಲ್ಲಿ ತರಿಸಿ, ಇಲ್ಲಿ ಇದ್ದ ಹಾಗೆಯೇ ಮತ್ತೆ ಕಟ್ಟಿಸಿದರಂತೆ. ಅದರ ಅಡುಗೆಮನೆಗೆ ಇಟ್ಟಿಗೆಯ ನೆಲ, ಒಂದು ಕೋಣೆಯಷ್ಟು ದೊಡ್ಡ ಒಲೆ, ಅದಕ್ಕೆ ತಕ್ಕ ಚಿಮಣಿ. ಒಲೆಯ ಬಾಯಿಯ ಹತ್ತಿರ ಹೋಮ ಮಾಡಿದರೆ ಹೊಗೆಯೆಲ್ಲ ಚಿಮಣಿಯಲ್ಲಿ ಹೋಗುತ್ತದೆ. ಆದ್ದರಿಂದ ತಮ್ಮ ಅಭ್ಯಂತರವಿಲ್ಲವೆಂದು ಆ ಮನೆಯ ಮೇಲ್ವಿಚಾರಕಿ ಮಿಸೆಸ್ ಹಾರ್ಪರ್ ಹೇಳಿದ್ದರಂತೆ. ಶನಿವಾರ ಎಲ್ಲರ ಎದುರಿಗೆ ಒಮ್ಮೆ ಬೆಂಕಿ ಹಚ್ಚಿ ನೋಡಿ ಒಪ್ಪಿಗೆ ಕೊಡುತ್ತಾರಂತೆ.

ಈ ವೃತ್ತಾಂತದಲ್ಲಿ ಎಷ್ಟು ‘ಅಂತೆ’ಗಳಿವೆ ನೋಡಿ! ಅಂತೆಕಂತೆಗಳನ್ನು ನಂಬಿ ಮಗಳ ಮದುವೆ ಮಾಡುವವನು ನಾನಲ್ಲ.

ಶನಿವಾರ ಬೆಳಿಗ್ಗೆ ಫಾಸ್ಟರ್ ಸಿಟಿಯ ಮನೆಯಿಂದ ಹೊರಟಾಗ ಆಕಾಶ ಶುಭ್ರವಾಗಿತ್ತು. ಮಳೆಯ ಸೂಚನೆಯೇ ಇಲ್ಲವೆಂದು ರೇಡಿಯೋ ಹೇಳಿತು. ಆದಕಾರಣ ನಾನು ಛತ್ರಿ ತೆಗೆದುಕೊಂಡೆ. ಗುಂಡಿ ಒತ್ತಿದರೆ ತಾನೇ ಬಿಚ್ಚಿಕೊಳ್ಳುವ ಕರಿಯ ಛತ್ರಿ.

“ರೀ, ಬಿಸಿಲಲ್ಲಿ ಛತ್ರಿ ಯಾಕೆ?” ಎಂದಳು ವಿಶಾಲಾಕ್ಷಿ, ಕಾರು ಹತ್ತುತ್ತಾ.

“ರೇಡಿಯೋದವನು ನೆಂದರೆ ನನಗೇನು ನಷ್ಟ? ನಾನು ನೆನೆಯಬಾರದು.”

“ಅದಿರಲಿ. ಅಲ್ಲಿ ದಯವಿಟ್ಟು ಬಾಯಿ ಬಿಡಬೇಡಿ. ಇದು ಬಿಟ್ರೆ ಬೇರೆ ಛತ್ರ ಇಲ್ಲ.”

ಹಿಂದಿನ ಸೀಟಿನಿಂದ ನಂದಿನಿ, “ಅಪ್ಪಾ, ಪ್ಲೀಸ್. ಅವ್ರು ಏನ್ ಹೇಳಿದ್ರೂ ಜಸ್ಟ್ ಸೇ ಯೆಸ್, ಓಕೆ?” ಎಂದಳು. ಬೆಂಕಿಯಿಲ್ಲದ ಮದುವೆಗೆ ಬೀಗರ ಮನೆಯಲ್ಲಿ ಅಜ್ಜಿಯೊಬ್ಬರು ಒಪ್ಪುವುದಿಲ್ಲವೆಂದು, ಹಾಗಾದರೆ ಎಲ್ಲವನ್ನೂ ಮುಂದಿನ ವರ್ಷಕ್ಕೆ ಹಾಕಿ ಮೈಸೂರಿನಲ್ಲೇ ಮಾಡಬೇಕಾಗುವುದೆಂದು ನಮಗೆಲ್ಲ ತಿಳಿದಿತ್ತು. ನಾನು ಯೆಸ್ ಎಂದೆ. ಫ್ರೀವೇ ಮುಗಿಯುವವರೆಗೂ ಯೆಸ್ ಎಂದೇ ಕುಳಿತಿದ್ದೆ.

ಮನೆ ನೋಡಿದ ಕೂಡಲೇ ನನ್ನ ರಕ್ತ ಕುದಿಯಿತು!

ಒಪ್ಪುತ್ತೇನೆ, ಮನೆ ಸುಂದರವಾಗಿತ್ತು. ಕಡಿದಾದ ಹೆಂಚಿನ ಸೂರು, ನಡುವೆ ಗೋಪುರದಂತೆ ನಿಂತ ಚಿಮಣಿ, ಹಣ್ಣಾದ ಮೆಣಸಿನಕಾಯಿಯ ಬಣ್ಣದ ಇಟ್ಟಿಗೆ. ಆದರೆ ಗೋಡೆಯ ಹೆಣಿಗೆ! ನಮ್ಮ ಕಡೆ ಗಾರೆ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿಸುತ್ತಾರೆ: ಒಂದು ಸಾಲು ಪೂರ್ತಿ ಇಟ್ಟಿಗೆಯ ಉದ್ದ ಕಾಣಬೇಕು, ಅದರ ಮೇಲಿನ ಸಾಲು ಪೂರ್ತಿ ಇಟ್ಟಿಗೆಯ ತಲೆ ಕಾಣಬೇಕು. ಇದಕ್ಕೆ ಇಂಗ್ಲಿಷ್ ಬಾಂಡ್ ಎಂದು ಹೆಸರು. ಇಲ್ಲಿಯೋ, ಒಂದೇ ಸಾಲಿನಲ್ಲಿ ಒಂದು ಉದ್ದ, ಒಂದು ತಲೆ, ಮತ್ತೆ ಒಂದು ಉದ್ದ, ಒಂದು ತಲೆ!

ಮಿಸೆಸ್ ಹಾರ್ಪರ್ ಬಾಗಿಲಲ್ಲಿ ನಿಂತು ಸ್ವಾಗತಿಸಿದರು. ಬೆಳ್ಳಿಗೂದಲಿನ, ನೆಟ್ಟನೆ ನಿಲುವಿನ ಹೆಂಗಸು. “ಇದು ಫ್ಲೆಮಿಶ್ ಬಾಂಡ್. ನಮ್ಮ ಮನೆಯ ಹೆಮ್ಮೆ” ಎಂದು ಗೋಡೆಯನ್ನು ಸವರಿದರು.

ನಾನು ಯೆಸ್ ಎನ್ನಬೇಕಾಗಿತ್ತು. “ಅಮ್ಮಾ, ಮನೆ ಇಂಗ್ಲಿಷರದು ಎನ್ನುತ್ತೀರಿ, ಬಾಂಡ್ ಸಮುದ್ರದಾಚೆಯ ಫ್ಲೆಮಿಶರದು ಎನ್ನುತ್ತೀರಿ. ಇಂಗ್ಲಿಷರು ತಮ್ಮ ಮನೆಗೆ ತಮ್ಮ ಬಾಂಡನ್ನೇ ಹಾಕದೆ, ನನ್ನ ಬೇಲೂರಿಗೆ ಮಾತ್ರ ಕಳಿಸಿದರೇ?” ಎಂದೆ.

“ಆ ಕಾಲದಲ್ಲಿ ಇದು ಹೊಸ ಫ್ಯಾಷನ್ ಆಗಿತ್ತು” ಎಂದರು ಅವರು ಮುಗುಳ್ನಗುತ್ತಾ.

ಫ್ಯಾಷನ್! ರೈತನಿಗೆ! ವಿಶಾಲಾಕ್ಷಿ ನನ್ನ ಕೋಟಿನ ತೋಳನ್ನು ಎಳೆದಳು. ನಾನು ಪಕ್ಕದ ಗೋಡೆಯತ್ತ ತಿರುಗಿದರೆ, ಒಂದು ಕಿಟಕಿಯ ಜಾಗದಲ್ಲಿ ಇಟ್ಟಿಗೆ ತುಂಬಿ ಮುಚ್ಚಿದ್ದಾರೆ. ಕೇಳದೆ ಇರಲು ಆಗಲಿಲ್ಲ. ಹಿಂದೆ ಇಂಗ್ಲೆಂಡಿನ ಸರ್ಕಾರ ಕಿಟಕಿಗಳಿಗೆ ಕಂದಾಯ ಹಾಕಿತ್ತೆಂದೂ, ಅದನ್ನು ತಪ್ಪಿಸಿಕೊಳ್ಳಲು ಜನ ಕಿಟಕಿ ಮುಚ್ಚಿಸುತ್ತಿದ್ದರೆಂದೂ ಮಿಸೆಸ್ ಹಾರ್ಪರ್ ವಿವರಿಸಿದರು.

“ಬೆಳಕಿಗೆ ಕಂದಾಯವೇ? ಸರಿ, ಹಾಕಿದರು ಎಂದೇ ಇಟ್ಟುಕೊಳ್ಳೋಣ. ಕ್ಯಾಲಿಫೋರ್ನಿಯಾದಲ್ಲಿ ಆ ಕಂದಾಯ ಇಲ್ಲವಲ್ಲ. ಇಲ್ಲಿ ಕಟ್ಟುವಾಗಲೂ ಏಕೆ ಮುಚ್ಚಿದಿರಿ?”

“ಇದ್ದ ಹಾಗೆಯೇ ಕಟ್ಟಬೇಕೆಂದು.”

ಎಲ್ಲಕ್ಕೂ ಉತ್ತರ ಸಿದ್ಧವಾಗಿರುವವರನ್ನು ಕಂಡರೆ ನನಗೆ ಅನುಮಾನ ಹೆಚ್ಚು. ನಿಜವಾದ ಇತಿಹಾಸವಾದರೆ ನಡುವೆ ಒಂದೆರಡು ಕಡೆಯಾದರೂ ತಡವರಿಸಬೇಕು!

ಬಾಗಿಲ ಮೇಲೊಂದು ಕಲ್ಲು. ಅದರಲ್ಲಿ ಇಸವಿ, ಇಸವಿಯ ಮೇಲೆ ಮೂರು ಅಕ್ಷರ: ತುದಿಯಲ್ಲಿ ಟಿ, ಅದರ ಕೆಳಗೆ ಅಕ್ಕಪಕ್ಕ ಜೆ ಮತ್ತು ಎ. ಇದರಲ್ಲಾದರೂ ನನಗೆ ಯಾರ ವಿವರಣೆಯೂ ಬೇಕಾಗಿರಲಿಲ್ಲ. “ನೋಡು ನಂದೂ, ಟಿ ಎಂದರೆ ಊರು, ಜೆ ಎಂದರೆ ತಂದೆ, ಎ ಎಂದರೆ ಮನೆ ಕಟ್ಟಿಸಿದವನು. ಟಿ. ಜೆ. ಆಂಡ್ರೂ ಎಂದೋ ಏನೋ ಇರಬೇಕು. ನಮ್ಮ ತಿಪಟೂರು ಜವರಯ್ಯನ ಮಗ ಅಣ್ಣಯ್ಯ ಇದ್ದ ಹಾಗೆ” ಎಂದು ಮಗಳಿಗೆ ತಿಳಿಸಿದೆ.

ಅವಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಮಿಸೆಸ್ ಹಾರ್ಪರರಿಗೆ ಹೇಳಬಾರದಿತ್ತು.

“ಅಲ್ಲ, ಅಲ್ಲ” ಎಂದರು ಅವರು. “ಟಿ ಮನೆತನದ ಹೆಸರು. ಜೆ ಗಂಡ. ಎ ಅವನ ಹೆಂಡತಿ. ಮನೆ ಇಬ್ಬರದು ಎಂದು ಇಬ್ಬರ ಅಕ್ಷರವನ್ನೂ ಕೆತ್ತಿಸುತ್ತಿದ್ದರು.”

ವಿಶಾಲಾಕ್ಷಿಯ ಮುಖ ಅರಳಿದ್ದನ್ನು ನೋಡಬೇಕಾಗಿತ್ತು! “ಕೇಳಿಸ್ತೇನ್ರೀ? ನಮ್ಮನೆ ಬಾಗಿಲಲ್ಲಿ ಬಿ. ಎಸ್. ಗೋಪಾಲಯ್ಯ ಅಂತ ಬೋರ್ಡು. ಬಿ ಅಂದ್ರೆ ನಿಮ್ಮೂರು, ಎಸ್ ಅಂದ್ರೆ ನಿಮ್ಮಪ್ಪ, ಮಿಕ್ಕಿದ್ದು ನೀವು. ಬೀಗದಕೈ ಇಟ್ಕೊಂಡಿರೋಳು ಎಲ್ಲಿದೀನಿ?”

ಈ ಮನೆ ನಕಲಿಯೆಂದು ಸಾಧಿಸುವುದು ಈಗ ನನ್ನ ಸ್ವಂತ ಗೌರವದ ಪ್ರಶ್ನೆಯಾಯಿತು.

ಅಡುಗೆಮನೆಗೆ ಹೋದೆವು. ಒಲೆ ನಿಜಕ್ಕೂ ಕೋಣೆಯಂತಿತ್ತು. ಒಳಗೆ ಹೋಗಿ ನಿಲ್ಲಬಹುದು. ತಲೆಯೆತ್ತಿದರೆ ಚಿಮಣಿಯ ತುದಿಯಲ್ಲಿ ಕರವಸ್ತ್ರದಷ್ಟು ಆಕಾಶ. ಅಷ್ಟರಲ್ಲಿ ಹೊರಗೆ ಕಾರಿನ ಸದ್ದಾಯಿತು. ಪಕ್ಕದ ಊರು ಡಬ್ಲಿನ್‌ನಿಂದ ಬೀಗರು ಪುಟ್ಟಸ್ವಾಮಯ್ಯನವರು ಬಂದರು. ಅವರನ್ನು ಎದುರುಗೊಳ್ಳಲು, ಬರುವಾಗ ಸೌದೆ ತರಲು, ಮೂವರು ಹೆಂಗಸರೂ ಹೊರಗೆ ಹೋದರು. ನಾನು ಮತ್ತು ಆ ಮನೆಯ ಸತ್ಯ, ಇಬ್ಬರೇ ಉಳಿದೆವು.

ನನ್ನ ತರ್ಕ ಹೀಗಿತ್ತು. ತಲೆತಲಾಂತರದಿಂದ ರೊಟ್ಟಿ ಬೇಯಿಸಿದ ಚಿಮಣಿಯ ಇಟ್ಟಿಗೆಯಲ್ಲಿ ಮಸಿ ಕಲ್ಲಿನಂತೆ ಗಟ್ಟಿಯಾಗಿ ಕೂತಿರಬೇಕು. ನಿನ್ನೆ ಮೊನ್ನೆಯ ಚಿಮಣಿಯಾದರೆ ಮಸಿ ಪುಡಿಪುಡಿಯಾಗಿ ಉದುರುತ್ತದೆ. ಕೆರೆದರೆ ತಿಳಿಯಿತು! ಒಲೆಯೊಳಗೆ ನಿಂತು, ಛತ್ರಿಯನ್ನು ಮೇಲಕ್ಕೆತ್ತಿ, ಅದರ ಮೊನೆಯಿಂದ ಚಿಮಣಿಯ ಕೊರಳನ್ನು ಕೆರೆದೆ. ಏನೂ ಉದುರಲಿಲ್ಲ. ಇನ್ನೂ ಸ್ವಲ್ಪ ಮೇಲೆ ಚಾಚಿದೆ. ತುದಿಗಾಲಲ್ಲಿ ನಿಂತು ಹಿಡಿಯನ್ನು ಬಿಗಿಯಾಗಿ ಒತ್ತಿ ಹಿಡಿದೆ.

ಹಿಡಿಯಲ್ಲಿ ಗುಂಡಿಯಿತ್ತು.

ಫಟ್!

ಕರವಸ್ತ್ರದಷ್ಟಿದ್ದ ಆಕಾಶ ಮಾಯವಾಯಿತು. ಎಳೆದೆ. ಛತ್ರಿಯ ಕಡ್ಡಿಗಳು ಸುತ್ತಲೂ ಇಟ್ಟಿಗೆಯ ಸಂದುಗಳನ್ನು ಹಿಡಿದುಕೊಂಡವು. ಜಗ್ಗಿದೆ. ತಿರುಗಿಸಿದೆ. ಬೆದರಿಸಿದೆ. ದೇವರನ್ನು ನೆನೆದು ಒಮ್ಮೆ ಜೋತುಬಿದ್ದೆ. ಹಿಡಿ ಕೈಗೆ ಬಂತು. ಹಿಡಿ ಮಾತ್ರ! ಅದರ ಜೊತೆಗೆ ಅಷ್ಟು ಹೊತ್ತು ಬೀಳದಿದ್ದ ಮಸಿಯೂ ಬಂತು. ನನ್ನ ಬಿಳಿಯ ಮೀಸೆಗೆ ಮತ್ತೆ ಯೌವನ ಬಂತು.

ಹಿಡಿಯನ್ನು ಕೋಟಿನ ಜೇಬಿಗೆ ತುರುಕುವುದಕ್ಕೂ ಅವರೆಲ್ಲ ಒಳಗೆ ಬರುವುದಕ್ಕೂ ಸರಿಹೋಯಿತು.

“ರೀ, ಮೀಸೆಗೇನು ಹಚ್ಕೊಂಡ್ರಿ?”

“ಗಾಳಿ” ಎಂದೆ.

ಪುಟ್ಟಸ್ವಾಮಯ್ಯನವರು ಮಂಡ್ಯದವರು, ಮಾತು ಕಡಿಮೆ, ನೋಟ ಜಾಸ್ತಿ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಚೆನ್ನಾಗಿ ಕಾಣ್ತೀರ ಬೀಗ್ರೆ” ಎಂದಷ್ಟೇ ಹೇಳಿದರು.

ಮಿಸೆಸ್ ಹಾರ್ಪರ್ ಒಲೆಯಲ್ಲಿ ಸೌದೆ ಜೋಡಿಸಿ ಬೆಂಕಿಕಡ್ಡಿ ತೆಗೆದರು. “ಬೇಡ! ಈಗ ರಾಹುಕಾಲ! ಇನ್ನೊಂದು ದಿನ ಹಚ್ಚೋಣ!” ಎಂದು ಕೂಗಿದೆ.

ವಿಶಾಲಾಕ್ಷಿ ನನ್ನನ್ನೇ ದಿಟ್ಟಿಸಿದಳು. “ನಮ್ಮ ಮದುವೆ ಹೊತ್ತಲ್ಲೇ ರಾಹುಕಾಲ ಸುಳ್ಳು ಅಂತ ಪುರೋಹಿತರ ಜೊತೆ ಜಗಳ ಆಡಿದೋರು ನೀವು. ಯಾವತ್ತಿಂದ ನಂಬಿದ್ರಿ?”

“ಈಗಿನಿಂದ.”

“ಅವರ ಮಾತು ಬಿಡಿ, ಹಚ್ಚಿ” ಎಂದಳು ಮಿಸೆಸ್ ಹಾರ್ಪರರಿಗೆ. ಜೀವನದಲ್ಲಿ ಒಂದೇ ಸಲ ನಾನು ಸಂಪ್ರದಾಯದ ಪರ ನಿಂತೆ. ಅಂದೇ ನನ್ನನ್ನು ಯಾರೂ ನಂಬಲಿಲ್ಲ!

ಸೌದೆ ಹತ್ತಿಕೊಂಡಿತು. ಹೊಗೆ ಮೇಲೆ ಹೋಯಿತು. ಮೇಲೆ ದಾರಿಯಿಲ್ಲವೆಂದು ತಿಳಿದು, ವಿಷಯ ತಿಳಿಸಲು ಕೆಳಗೆ ಬಂತು. ಕ್ಷಣದಲ್ಲಿ ಅಡುಗೆಮನೆ ತುಂಬಿತು. ನಂದಿನಿ ಕೆಮ್ಮಿದಳು, ಬೀಗರು ಸೀನಿದರು, ಎಲ್ಲೋ ಒಂದು ಗಂಟೆ ಕಿರುಚತೊಡಗಿತು. ಕಣ್ಣೊರೆಸಿಕೊಳ್ಳುತ್ತಾ ಎಲ್ಲರೂ ಕಿಟಕಿಯತ್ತ ಧಾವಿಸಿದೆವು. ಅದು ಕಂದಾಯಕ್ಕೆ ಹೆದರಿ ಮುಚ್ಚಿದ ಕಿಟಕಿ! ತಡಕಾಡುತ್ತಾ ಇನ್ನೊಂದನ್ನು ತೆರೆದೆವು.

“ಈ ಚಿಮಣಿ ಎಂದೂ ಹೀಗೆ ಕೈಕೊಟ್ಟಿಲ್ಲ!” ಎಂದರು ಮಿಸೆಸ್ ಹಾರ್ಪರ್. “ಕ್ಷಮಿಸಿ ಡಾಕ್ಟರ್. ಇನ್ನು ಈ ಮನೆಯಲ್ಲಿ ಬೆಂಕಿಗೆ ನಾನು ಒಪ್ಪಲಾರೆ.”

“ಸೋ ದಟ್ಸ್ ಇಟ್” ಎಂದಳು ನಂದಿನಿ. ಅವಳ ಕಣ್ಣಲ್ಲಿದ್ದ ನೀರೆಲ್ಲ ಹೊಗೆಯದಾಗಿರಲಿಲ್ಲ. “ಮೈಸೂರೇ ಗತಿ. ನೆಕ್ಸ್ಟ್ ಇಯರ್.”

“ಹೊಗೆ ಆಯ್ತು ಬುಡಿ” ಎಂದರು ಪುಟ್ಟಸ್ವಾಮಯ್ಯ.

ಆಗ ಚಿಮಣಿಯೊಳಗಿಂದ ಚಟಪಟ ಎಂಬ ಸದ್ದು ಕೇಳಿಸಿತು. ಉರಿಯುವ ಬಟ್ಟೆಯ ಚೂರುಗಳು ಒಂದೊಂದಾಗಿ ಇಳಿದವು. ಕೊನೆಗೆ, ಸತ್ತ ಬಾವಲಿಯಂತೆ, ಒಂದು ಛತ್ರಿಯ ಅಸ್ಥಿಪಂಜರ ಬೆಂಕಿಯ ನಡುವೆ ಧೊಪ್ಪನೆ ಬಿತ್ತು. ಅದು ಬಿದ್ದೊಡನೆ ಅಷ್ಟೂ ಹೊಗೆ ಸುರ್ರೆಂದು ಮೇಲಕ್ಕೆ ಹೊರಟುಹೋಯಿತು. ಅಪ್ಪಟ ಅಸಲಿ ಚಿಮಣಿ ಹೇಗೆ ಎಳೆಯಬೇಕೋ ಹಾಗೆ ಎಳೆಯಿತು, ದರಿದ್ರದ್ದು!

“ಇದೇನು?” ಎಂದರು ಮಿಸೆಸ್ ಹಾರ್ಪರ್.

ಹಿಡಿಯಿಲ್ಲದ ಛತ್ರಿಯ ಮೇಲಿದ್ದ ಎಲ್ಲರ ಕಣ್ಣೂ, ಛತ್ರಿಯಿಲ್ಲದ ಹಿಡಿ ಇಣುಕುತ್ತಿದ್ದ ನನ್ನ ಜೇಬಿಗೆ ಬಂದು ನಿಂತವು. ನಂದಿನಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಏನಾದರೂ ಮಾಡಪ್ಪ ಎಂಬ ಬೇಡಿಕೆಯಿತ್ತು.

ನಾನು ಕೆಮ್ಮಿ, ಕೋಟು ಸರಿಪಡಿಸಿಕೊಂಡು, ಗಂಭೀರವಾಗಿ ನುಡಿದೆ. “ಅಮ್ಮಾ, ಇದು ನಮ್ಮ ವಿವಾಹ ಸಂಪ್ರದಾಯ. ವರನು ಮದುವೆಯೇ ಬೇಡವೆಂದು ಛತ್ರಿ ಹಿಡಿದು ಕಾಶಿಗೆ ಹೊರಡುತ್ತಾನೆ. ವಧುವಿನ ತಂದೆ ಅವನನ್ನು ತಡೆದು, ಒಪ್ಪಿಸಿ, ಕರೆತರುತ್ತಾನೆ. ಇನ್ನು ಪ್ರಯಾಣವಿಲ್ಲ ಎಂಬುದರ ಸಂಕೇತವಾಗಿ ಆ ಛತ್ರಿಯನ್ನು ಮನೆಯ ಒಲೆಗೆ ಒಪ್ಪಿಸುತ್ತೇವೆ. ಇವತ್ತು ಅದನ್ನೂ ಒಮ್ಮೆ ನಡೆಸಿ ನೋಡೋಣವೆಂದು...”

ಒಲೆಯ ಮಾತು ಬರುವವರೆಗೆ ಎಲ್ಲವೂ ಅಪ್ಪಟ ಸತ್ಯ. ಆಮೇಲಿನದು, ಕಿಟಕಿಗಳ ಸಾಲಿನಲ್ಲಿ ಕಿಟಕಿಯಂತೆ ಕಾಣುವ ಆದರೆ ಕಿಟಕಿಯಲ್ಲದ ಇಟ್ಟಿಗೆ.

ಮೊದಲು ಮಾತಾಡಿದವರು ಪುಟ್ಟಸ್ವಾಮಯ್ಯ, ಕನ್ನಡದಲ್ಲಿ. “ಬೀಗ್ರೆ, ನಿಮ್ ಕಡೆ ಹಿಂಗೂ ಉಂಟಾ? ನಮ್ ಮಂಡ್ಯದಾಗೆ ಛತ್ರಿ ಹಿಡ್ಕತಾರೆ. ಸುಡಾಕಿಲ್ಲ.”

“ಬೇಲೂರಿನ ಕಡೆ ಉಂಟು” ಎಂದೆ.

ಅವರು ನಂದಿನಿಯ ಮುಖ ನೋಡಿದರು, ಒಲೆ ನೋಡಿದರು, ನನ್ನ ಮೀಸೆ ನೋಡಿದರು. ಆಮೇಲೆ ಮಿಸೆಸ್ ಹಾರ್ಪರರತ್ತ ತಿರುಗಿ, “ಯೆಸ್ ಮೇಡಂ. ವೆರಿ ಓಲ್ಡ್ ಕಸ್ಟಮ್ಮು” ಎಂದರು. ಆ ಕ್ಷಣದಲ್ಲಿ ಅವರಂಥ ಬೀಗರು ಭೂಮಂಡಲದಲ್ಲಿಲ್ಲ ಎನಿಸಿತು.

ಮಿಸೆಸ್ ಹಾರ್ಪರ್ ಎದೆಯ ಮೇಲೆ ಕೈಯಿಟ್ಟುಕೊಂಡರು. “ಮೊದಲೇ ಹೇಳಬಾರದಿತ್ತೇ? ಹಳೆಯ ಆಚಾರಕ್ಕೆ ಈ ಮನೆ ಅಡ್ಡ ಬರುವುದುಂಟೇ? ಚಿಮಣಿ ಸರಿಯಾಗಿದೆ ಎಂದಮೇಲೆ ನನ್ನ ಒಪ್ಪಿಗೆಯಿದೆ. ಆದರೆ ದಯವಿಟ್ಟು, ಮದುವೆಯ ದಿನ ಛತ್ರಿಯನ್ನು ಕೆಳಗಿನಿಂದಲೇ ಒಲೆಗೆ ಹಾಕಿ. ಚಿಮಣಿಯೊಳಗೆ ಬೇಡ.”

ಅಂದರೆ, ಮದುವೆಯ ದಿನ ಇನ್ನೊಂದು ಛತ್ರಿ!

ಹಿಂದಿರುಗುವಾಗ ಕಾರು ಫ್ರೀವೇ ಸೇರಿದ ಮೇಲೆ ವಿಶಾಲಾಕ್ಷಿ, “ಛತ್ರಿ ಕಣ್ರೀ ನೀವು” ಎಂದಳು. ಕನ್ನಡದಲ್ಲಿ ಈ ಪದಕ್ಕೆ ಎಷ್ಟು ಅರ್ಥಗಳಿವೆಯೆಂದು ಓದುಗರಿಗೆ ಹೇಳಬೇಕಾಗಿಲ್ಲ. ಮಳೆಗಾಲದ್ದಂತೂ ಅವಳ ಮನಸ್ಸಿನಲ್ಲಿರಲಿಲ್ಲ.

ಮದುವೆ ಚೆನ್ನಾಗಿಯೇ ನಡೆಯಿತು. ಕಾಶಿಯಾತ್ರೆಯ ಛತ್ರಿಯನ್ನು ಮಿಸೆಸ್ ಹಾರ್ಪರ್ ತಾವೇ ಕೊಂಡು, ರಿಬ್ಬನ್ನು ಕಟ್ಟಿ ತಂದಿದ್ದರು. ಹೋಮ ಮುಗಿದ ಮೇಲೆ ಎಲ್ಲರೆದುರು ಅದನ್ನು ನನ್ನ ಕೈಗಿತ್ತರು. ಪುರೋಹಿತರು ಕಕ್ಕಾಬಿಕ್ಕಿಯಾಗಿ, “ಇದು ಯಾವ ಸೂತ್ರದಲ್ಲಿದೆ, ಗೋಪಾಲಯ್ಯನವರೇ?” ಎಂದು ಪಿಸುಗುಟ್ಟಿದರು. “ಇಂಗ್ಲಿಷ್ ಸೂತ್ರ, ಮುಂದುವರಿಸಿ” ಎಂದೆ. ಅನುಭವಸ್ಥರು, ‘ಛತ್ರಂ ಸಮರ್ಪಯಾಮಿ’ ಎಂದು ಮುಗಿಸಿದರು. ಒಳ್ಳೆಯ ಛತ್ರಿ. ಮರದ ಹಿಡಿ. ಕಣ್ಣೆದುರೇ ಉರಿಯಿತು.

ನಾನು ಸೋಲೊಪ್ಪಿದೆನೆಂದು ತಿಳಿಯಬೇಡಿ. ಮದುವೆಯ ಗಲಾಟೆ ಮುಗಿದ ಮೇಲೆ ಗ್ರಂಥಾಲಯಕ್ಕೆ ಹೋಗಿ, ಇಂಗ್ಲೆಂಡಿನ ಮನೆಗಳ ಮೇಲಿನ ದಪ್ಪ ಪುಸ್ತಕಗಳನ್ನು ತೆಗೆಸಿ ಕುಳಿತೆ. ಫ್ಲೆಮಿಶ್ ಬಾಂಡ್ ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹೊಸ ಫ್ಯಾಷನ್ ಆಗಿತ್ತು ಎಂದು ಬರೆದಿತ್ತು. ಕಿಟಕಿಗೆ ಕಂದಾಯವಿತ್ತು ಎಂದು ಬರೆದಿತ್ತು. ಗಂಡನ ಅಕ್ಷರದ ಪಕ್ಕ ಹೆಂಡತಿಯ ಅಕ್ಷರ ಕೆತ್ತಿಸುತ್ತಿದ್ದರು ಎಂದೂ ಬರೆದಿತ್ತು. ಪುಸ್ತಕ ಬರೆಯುವವರೂ ಮಿಸೆಸ್ ಹಾರ್ಪರರೂ ಒಂದೇ ಕಡೆ ಕಾಪಿ ಹೊಡೆದಿದ್ದಾರೆ ಎನ್ನುವುದು ನನ್ನ ಸದ್ಯದ ಅಭಿಪ್ರಾಯ. ಮನೆಯ ಬಾಗಿಲ ಬೋರ್ಡಿಗೆ ಮಾತ್ರ ‘ವಿ’ ಎಂಬ ಅಕ್ಷರವನ್ನು ಸೇರಿಸಿದೆ. ಸಂಶೋಧನೆಗೂ ಅದಕ್ಕೂ ಸಂಬಂಧವಿಲ್ಲ. ಬೀಗದಕೈ ಅವಳ ಹತ್ತಿರವಿದೆ.

ಇತ್ತೀಚೆಗೆ ಮೈಸೂರಿನಿಂದ ಬಂದಿದ್ದ ನಿವೃತ್ತ ಉಪನ್ಯಾಸಕರೊಬ್ಬರನ್ನು ಆ ಮನೆ ತೋರಿಸಲು ಕರೆದುಕೊಂಡು ಹೋಗಿದ್ದೆವು. ವಿಶಾಲಾಕ್ಷಿಯೇ ಹಟ ಹಿಡಿದಳು. ಅಡುಗೆಮನೆಯ ಒಲೆಯ ಪಕ್ಕದ ಗೋಡೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ನನ್ನ ಛತ್ರಿಯ ಅಸ್ಥಿಪಂಜರ ನೇತಾಡುತ್ತಿತ್ತು! ಹೊಸದಾಗಿ ಕೆಲಸಕ್ಕೆ ಸೇರಿದ ಗೈಡು ಹುಡುಗಿ ಅದನ್ನು ತೋರಿಸುತ್ತಾ, ಹಿಂದೂ ವಿವಾಹದಲ್ಲಿ ವಧುವಿನ ತಂದೆ ಛತ್ರಿಯನ್ನು ಅಗ್ನಿಗೆ ಅರ್ಪಿಸುವ ಪುರಾತನ ಪದ್ಧತಿಯನ್ನು ಜನರಿಗೆ ವಿವರಿಸುತ್ತಿದ್ದಳು. ಎಲ್ಲೂ ತಡವರಿಸಲಿಲ್ಲ. ಜನ ತಲೆದೂಗಿದರು. ಒಬ್ಬಾಕೆ ಬರೆದುಕೊಂಡರು ಕೂಡ.

ಹೀಗೆಯೇ ತಾನೆ ಸುಳ್ಳು ಇತಿಹಾಸ ಹುಟ್ಟುವುದು! ನನ್ನ ರಕ್ತ ಮತ್ತೆ ಕುದಿಯಿತು. ಮುಂದೆ ಬಂದು ಪ್ರತಿಭಟಿಸಬೇಕು ಎಂದುಕೊಂಡೆ. ಹೇಗೆ ಪ್ರತಿಭಟಿಸಲಿ?

ಮೈಸೂರಿನವರು ನನ್ನ ಕಿವಿಯ ಹತ್ತಿರ ಬಂದರು. “ಅಲ್ಲ ಗೋಪಾಲಯ್ಯನೋರೇ, ನಮ್ಮಲ್ಲಿ ಇಂಥ ಪದ್ಧತಿ ಎಲ್ಲಿದೆ? ನಂಗ್ಯಾಕೋ ಅನುಮಾನ.”

“ಎಲ್ಲದಕ್ಕೂ ಅನುಮಾನ ಪಡಬಾರದು, ಸ್ವಾಮಿ!” ಎಂದು ಗದರಿದೆ. “ತಿಳಿದವರು ಹೇಳಿದ್ದನ್ನು ಸ್ವಲ್ಪ ನಂಬುವುದನ್ನೂ ಕಲಿಯಬೇಕು!”

ಹಿಂದೆ ನಿಂತಿದ್ದ ವಿಶಾಲಾಕ್ಷಿಗೆ ತಡೆಯಲಾರದಷ್ಟು ಕೆಮ್ಮು ಬಂತು. ಅಂದು ಅಲ್ಲಿ ಹೊಗೆಯೇನೂ ಇರಲಿಲ್ಲ.